ಸಮಾಧಿ ಕಲ್ಲು ಓದಲು ಕತ್ತಲೇ ಬೇಕು: ನನ್ನ ಅನುಭವ

"ಈ ಕಲ್ಲು ಹೋಯ್ತು, ಬಿಟ್ಟುಬಿಡಿ" ಎಂದು ನಮ್ಮ ಹಳ್ಳಿಯ ಇತಿಹಾಸ ಗುಂಪಿನ ಹಿರಿಯರು ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದರು. ಅದರಲ್ಲಿ ಮುಕ್ಕಾಲು ಪಾಲು ಕಲ್ಲುಗಳನ್ನು ಈಗ ಓದಿಯಾಗಿದೆ.

ನಮ್ಮದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಸ್ಟ್ರೌಡ್ ಹತ್ತಿರದ ಹಳ್ಳಿ. ಇಲ್ಲಿನದು ಕಾಟ್ಸ್‌ವೋಲ್ಡ್ ಸುಣ್ಣಕಲ್ಲು, ಮೀನಿನ ಮೊಟ್ಟೆ ಒತ್ತಿಟ್ಟ ಹಾಗೆ ಕಾಳುಕಾಳು. ಮಳೆಗೆ ಸವೆಯುತ್ತದೆ, ಮೇಲೆ ಕಲ್ಲುಹೂವು ಬೇರೆ. ಲೆಸ್ಟರ್‌ಶೈರಿನವರು ಪುಣ್ಯವಂತರು. ಅವರ ಸ್ವಿತ್‌ಲ್ಯಾಂಡ್ ಸ್ಲೇಟಿನಲ್ಲಿ 1750ರ ಅಕ್ಷರವೂ ಚೂಪಾಗಿಯೇ ಇರುತ್ತದೆ. ಅಕ್ಷರ ಕಾಣಲಿ ಅಂತ ತಂತಿ ಬ್ರಷ್‌ನಿಂದ ಉಜ್ಜುವುದು, ಶೇವಿಂಗ್ ಫೋಮ್ ಬಳಿಯುವುದು ಬೇಡ, ಕಲ್ಲು ಹಾಳಾಗುತ್ತದೆ. ಶಾಸನದ ಹಾಗೆ ಕಾಗದ ಒತ್ತಿ ಅಚ್ಚು ತೆಗೆಯಬಾರದಾ ಎಂದು ಊರಿನ ಗೆಳೆಯರು ಕೇಳುತ್ತಾರೆ. ಈ ಪುಡಿಯಾಗುವ ಕಲ್ಲಿನ ಮೇಲೆ ಬೇಡವೇ ಬೇಡ.

ಬೆಳಕು ಓರೆಯಾಗಿ ಬಿದ್ದರೆ ಅಕ್ಷರದ ಗುಳಿಯಲ್ಲಿ ನೆರಳು ಕಾಣುತ್ತದೆ ಅಂತ ಮೊದಲು ಕನ್ನಡಿ ಹಿಡಿದೆ. ಕನ್ನಡಿಗೆ ಬಿಸಿಲು ಬೇಕು, ಇಲ್ಲಿ ಇಲ್ಲದ್ದೇ ಅದು. ಆಮೇಲೆ ಫೋಟೋದಿಂದ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್. ತಿಂಗಳಿಗೆ ಸುಮಾರು 30 ಪೌಂಡ್, ಸುಮಾರು ಅರ್ಧ ವರ್ಷ ಕಟ್ಟಿದೆ. ಹಿಂದಿನ ಹುಲ್ಲು ಚೆಂದ ಬಂತು, ಅಕ್ಷರ ಬರಲಿಲ್ಲ. ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ತೋರಿಸಿದ ದಾರಿಯಿಂದ ಆಮೇಲೆ ಬೆಳೆದ, ಕಪ್ಪು ಗೋಲಿಯ ಹೊಳಪಿನಿಂದ ಬೆಳಕಿನ ದಿಕ್ಕು ಗುರುತಿಸುವ ವಿಧಾನವನ್ನೂ ನೋಡಿದೆ. ಫಲ ಚೆನ್ನಾಗಿದೆ, ಆದರೆ ಒಂದು ಕಲ್ಲಿಗೆ ಐವತ್ತರ ಹತ್ತಿರ ಫೋಟೋ. ಚಳಿಯಲ್ಲಿ ಯಾರು ನಿಲ್ಲುತ್ತಾರೆ?

ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ಸಂಜೆ ಐದಕ್ಕೇ ಕತ್ತಲು. ನನ್ನ ಕೆಲಸ ಶುರು ಆಗುವುದು ಆಗಲೇ. ಟ್ರೈಪಾಡ್, ಸೆಕೆಂಡ್‌ಹ್ಯಾಂಡ್ ಫ್ಲ್ಯಾಶ್, ಅದನ್ನು ದೂರದಿಂದ ಹೊತ್ತಿಸುವ ಟ್ರಿಗರ್, ಎಲ್ಲಾ ಸೇರಿ ತೊಂಬತ್ತು ಪೌಂಡ್ ಇರಬಹುದು. ಒಂದು ಸರ್ವೆ ಕಂಪನಿ ಇದೇ ಕೆಲಸಕ್ಕೆ ಸಾವಿರದ ಮೇಲೆ ಕೇಳಿತ್ತು! ಫ್ಲ್ಯಾಶಿಗೆ ದಾರ ಕಟ್ಟಿ, ಪ್ರತಿ ಸಲ ಕಲ್ಲಿನಿಂದ ಅಷ್ಟೇ ದೂರ ಹಿಡಿಯಬೇಕು. ಬೆಳಕು ಕಲ್ಲಿನ ಮೈಗೆ ಸವರಿಕೊಂಡು ಹೋಗಬೇಕು, ಹತ್ತು ಡಿಗ್ರಿಗಿಂತ ಜಾಸ್ತಿ ಬೇಡ. ಎಂಟು ದಿಕ್ಕು, ಎಂಟು ಫೋಟೋ, ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಜೋಡಿಸುವುದು. ಯಾವ ಫೋಟೋ ಮೇಲೆ ಯಾವುದನ್ನು ಹೇಗೆ ಕೂರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ.

ಪಾದ್ರಿಯವರಿಗೆ ಮೊದಲೇ ಹೇಳಿಡಿ. ಸಮಾಧಿಗಳ ನಡುವೆ ಮಿಂಚು ಕಂಡು ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಬಂದವರಿಗೆ ಚಿತ್ರ ತೋರಿಸಿದೆ, ಅವರೂ ನಾಲ್ಕು ಸಾಲು ಓದಿಯೇ ಹೋದರು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ. ಮಳೆ ನಿಂತು ಕಲ್ಲು ಆರುವಾಗ ಅಕ್ಷರದ ಗುಳಿಯಲ್ಲಿ ತೇವ ಸ್ವಲ್ಪ ಹೊತ್ತು ಉಳಿಯುತ್ತದೆ. ಆಗ ಬರಿಗಣ್ಣಿಗೇ ಒಂದೆರಡು ಪದ ಸಿಗುತ್ತದೆ. ಮಂಜುಗಡ್ಡೆ ಕಟ್ಟಿದ ಬೆಳಿಗ್ಗೆಯೂ ನೋಡಿದೆ, ಅದರಿಂದ ಏನೂ ಗಿಟ್ಟಲಿಲ್ಲ.

ಹಿರಿಯರ ಬಾಯಿ ಮುಚ್ಚಿಸಿದ್ದು ಒಬ್ಬ ಬಟ್ಟೆ ವ್ಯಾಪಾರಿಯ ಕಲ್ಲು. ಸ್ಟ್ರೌಡ್ ಕಣಿವೆ ಸೈನಿಕರ ಕೆಂಪು ಬಟ್ಟೆಗೆ ಹೆಸರಾದ ಜಾಗ, ಇಂಥವರು ಇಲ್ಲಿ ಬಹಳ. ಚರ್ಚಿನ ದಾಖಲೆಯಲ್ಲಿ ಅವನನ್ನು ಹೂಳಿದ್ದು 1741ರ ಫೆಬ್ರವರಿ. ಕಲ್ಲಿನಲ್ಲಿ 1742 ಎಂದು ಕಾಣುತ್ತಿತ್ತು. ಹಾಗಾಗಿ ಇದು ಬೇರೆ ಯಾರೋ ಎಂದು ಬಿಟ್ಟಿದ್ದರು. ಎಡಗಡೆ ಕೆಳಗಿನಿಂದ ಬೆಳಕು ಬಿಟ್ಟಾಗ 1741, ಪಕ್ಕಕ್ಕೆ ಓರೆಗೆರೆ, ಅದರಾಚೆ 2 ಎದ್ದು ಬಂತು. 1752ರ ತನಕ ಇಂಗ್ಲೆಂಡಿನಲ್ಲಿ ವರ್ಷ ಶುರು ಆಗುತ್ತಿದ್ದುದು ಮಾರ್ಚ್ 25ಕ್ಕೆ ಅಲ್ವಾ? ಹಾಗಾಗಿ ಆ ಫೆಬ್ರವರಿ ಹಳೇ ಲೆಕ್ಕಕ್ಕೆ 1741, ಜನವರಿಯಿಂದ ಎಣಿಸಿದರೆ 1742. ಕೆತ್ತಿದವನು ಎರಡೂ ಲೆಕ್ಕ ಹಾಕಿಬಿಟ್ಟಿದ್ದ. ಮುಂದಿನ ಸಭೆಯಲ್ಲಿ ಆ ಹಳೇ ಪಟ್ಟಿಯನ್ನು ಹಿರಿಯರೇ ನನ್ನ ಕೈಗೆ ಕೊಟ್ಟರು.

ಈಗ ಚರ್ಚಿನ ಒಳಗಿನ ನೆಲಗಲ್ಲುಗಳ ಸರದಿ. ಅವು ಕಾಲು ತುಳಿದು ಸವೆದವು. ಅಲ್ಲಿ ಕ್ಯಾಮೆರಾ ನೇರ ಕೆಳಕ್ಕೆ ನೋಡಬೇಕು, ಅದಕ್ಕೆ ಅಡ್ಡಕೋಲು ಬೇಕು. ಹೊಸದು ಅರವತ್ತು ಪೌಂಡ್ ಅಂತಾರೆ. ಹಳೆಯದು ಯಾರ ಹತ್ತಿರವಾದರೂ ಇದ್ದರೆ ಹೇಳಿ.