ಗೋಡೆ ಬಿಟ್ಟು ಬಂದ ಸ್ಪೀಕರ್‌ಗಳು

ನಮ್ಮ ಮನೆಗಳಲ್ಲಿ ಏನು ತಂದರೂ ಗೋಡೆಗೆ ಅಂಟಿಸಿಯೇ ಇಡಬೇಕು. ಸೋಫಾ ಗೋಡೆಗೆ, ಶೋಕೇಸ್ ಗೋಡೆಗೆ, ಬೀರು ಗೋಡೆಗೆ. ಮಧ್ಯದ ಜಾಗ ಖಾಲಿ ಇರಬೇಕು, ನೆಂಟರು ಬಂದರೆ ಚಾಪೆ ಹಾಸೋಕೆ. ನಾನೂ ಹಾಗೇ ಮಾಡಿದ್ದೆ. ಸ್ಪೀಕರ್ ಎರಡನ್ನೂ ಟಿವಿಯ ಆಚೆ ಈಚೆ ಗೋಡೆಗೆ ಒತ್ತಿ ಇಟ್ಟು, ಎದುರು ಗೋಡೆಗೆ ಒತ್ತಿದ ಸೋಫಾದಲ್ಲಿ ಕೂತು, ಮೂರು ವರ್ಷ ಹಾಡು ಕೇಳಿದೆ. ಚೆನ್ನಾಗಿಲ್ಲ ಅಂತ ಗೊತ್ತಿತ್ತು. ಯಾಕೆ ಚೆನ್ನಾಗಿಲ್ಲ ಅಂತ ಗೊತ್ತಿರಲಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಯೋಚಿಸಿದರೆ, ರೇಡಿಯೋದಿಂದಲೇ ಇರಬೇಕು ಅನ್ನಿಸುತ್ತದೆ. ಮೈಸೂರಿನವರಿಗೆ ರೇಡಿಯೋ ಹಳೇ ನೆಂಟ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ, ಅದಕ್ಕೆ ಆಕಾಶವಾಣಿ ಅನ್ನುವ ಹೆಸರು ಬಂದ ಊರು ಇದು. ನಮ್ಮಪ್ಪನ ರೇಡಿಯೋಗೂ ಗೋಡೆಯಲ್ಲಿ ಒಂದು ಮರದ ಸ್ಟ್ಯಾಂಡ್ ಇತ್ತು. ಒಂದೇ ಡಬ್ಬ, ಅದು ಎಲ್ಲಿದ್ದರೂ ನಡೆಯುತ್ತದೆ, ಅಡುಗೆಮನೆಗೆ ವಾರ್ತೆ ಕೇಳಿಸಿದರೆ ಸಾಕು. ಸ್ಟೀರಿಯೋ ಹಾಗಲ್ಲ. ಎರಡು ಡಬ್ಬ ಸೇರಿ, ಮಧ್ಯದಲ್ಲಿ ಇಲ್ಲದ ಒಬ್ಬ ಗಾಯಕನನ್ನು ತಂದು ಕೂರಿಸಬೇಕು. ಅದಕ್ಕೆ ಜಾಗದ ಲೆಕ್ಕ ಬೇಕು.

ನಮ್ಮ ಮನೆ ಸರಸ್ವತಿಪುರಂನಲ್ಲಿ. ಹಾಲ್ 16 ಅಡಿ ಉದ್ದ, 11 ಅಡಿ ಅಗಲ, ತಾರಸಿ 10 ಅಡಿ ಎತ್ತರ. ಮೊಸಾಯಿಕ್ ನೆಲ. ಎಡಗಡೆ ಪೂರ್ತಿ ಗೋಡೆ, ಬಲಗಡೆ ಒಂದು ಕಿಟಕಿ, ಅದರ ಪಕ್ಕದಲ್ಲಿ ಊಟದ ಮನೆಗೆ ಹೋಗುವ ತೆರೆದ ಕಮಾನು. ಸ್ಪೀಕರ್‌ಗಳು ಪುಸ್ತಕದ ಶೆಲ್ಫ್‌ನಲ್ಲಿ ಇಡುವಷ್ಟು ಸಣ್ಣವು, ಮಂದ್ರದ, ಅಂದರೆ ತಗ್ಗಿನ, ಶಬ್ದ ಹೊರಡಿಸುವ ಆರೂವರೆ ಇಂಚಿನ ವೂಫರ್, ಹಿಂದೆ ಗಾಳಿ ಬಿಡುವ ತೂತು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದರೆ ವೀಣೆ ಹಿಂದೆ ಸರಿದು ಮೃದಂಗ ಮುಂದೆ ಬರುತ್ತಿತ್ತು, ಅದೂ ಎಡಗಡೆ ಹೊಡೆತ ಮಾತ್ರ, ಗುಂಯ್ ಅಂತ ಎಳೆದುಕೊಂಡು. ಅಮ್ಮ ಒಂದು ದಿನ ಅಂದೇಬಿಟ್ಟರು, "ಏನೋ ಇದು, ಪಕ್ಕದ ಬೀದಿಲಿ ಗಣಪತಿ ಪೆಂಡಾಲ್ ಹಾಕಿದ ಹಾಗಿದೆ." ನಾನು ಮಾಡಿದ್ದು ಎಲ್ಲರೂ ಮಾಡುವುದೇ. ದಪ್ಪ ಕೇಬಲ್ ತಂದೆ. ಆಮೇಲೆ ಆಂಪ್ಲಿಫೈಯರ್ ಬದಲಾಯಿಸಿದೆ. ಆ ದುಡ್ಡನ್ನು ಈಗ ನೆನೆಸಿಕೊಳ್ಳುವುದಿಲ್ಲ.

ಮೊದಲು ಸಿಕ್ಕಿದ ತಪ್ಪು ನಾಚಿಕೆಗೇಡು. ಪಿ.ಬಿ. ಶ್ರೀನಿವಾಸ್ ಹಾಡಿದ ಒಂದು ಹಳೇ ಹಾಡು ಹಾಕಿದ್ದೆ. ಆ ಕಾಲದ ಹಾಡುಗಳು ಮಾನೋ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಶಬ್ದ ಹೋಗುತ್ತದೆ. ಹಾಗಿದ್ದ ಮೇಲೆ ಧ್ವನಿ ಎರಡರ ನಟ್ಟನಡುವೆ ನಿಲ್ಲಬೇಕು, ಅಲ್ವಾ? ನಿಲ್ಲುತ್ತಿರಲಿಲ್ಲ. ಕಿವಿಯ ಆಚೆ ಈಚೆ ಎಲ್ಲೋ ಹರಡಿಕೊಂಡು, ತಲೆ ಒಳಗೆ ಒಂಥರಾ ಒತ್ತುವ ಹಾಗೆ ಆಗುತ್ತಿತ್ತು. ಹಿಂದೆ ಬಗ್ಗಿ ನೋಡಿದರೆ ಒಂದು ಸ್ಪೀಕರ್‌ನಲ್ಲಿ ಕೆಂಪು ವೈರ್ ಕಪ್ಪಿಗೆ, ಕಪ್ಪು ಕೆಂಪಿಗೆ. ಹೊಸ ಆಂಪ್ಲಿಫೈಯರ್ ಕೂರಿಸಲು ಬಂದ ಹುಡುಗನ ಕೆಲಸ, ನಾನೂ ಒಂದು ವರ್ಷ ನೋಡಿರಲಿಲ್ಲ. ಹೀಗಾದಾಗ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಮಂದ್ರದ ಶಬ್ದವೆಲ್ಲ ಒಂದನ್ನೊಂದು ಹೊಡೆದುಹಾಕುತ್ತದೆ. ವೈರ್‌ಗೆ ಬಣ್ಣ ಇಲ್ಲದಿದ್ದರೆ ಆಂಪ್ಲಿಫೈಯರ್‌ನಿಂದ ಬಿಚ್ಚಿದ ತುದಿಗಳಿಗೆ ಒಂದೂವರೆ ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ ನೋಡಿ. ವೂಫರ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಾಗಿದ ತುದಿಯೇ ಪ್ಲಸ್. ವೈರ್ ಸರಿಮಾಡಿದ ಮೇಲೆ ಪಿಬಿಎಸ್ ಮಧ್ಯಕ್ಕೆ ಬಂದರು. ಆದರೆ ಮಂದ್ರ ಪೂರ್ತಿ ವಾಪಸ್ ಬಂದಿದ್ದರಿಂದ ಗುಂಯ್ ಇನ್ನೂ ಜಾಸ್ತಿ ಆಯಿತು!

ಆಗ ಶುರುವಾಗಿದ್ದು ನಿಜವಾದ ಕೆಲಸ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಎದುರುಬದುರು ಎರಡು ಗೋಡೆ ಇದ್ದರೆ, ಅವುಗಳ ನಡುವೆ ಸರಿಯಾಗಿ ಹಿಡಿಸುವ ಕೆಲವು ಶಬ್ದಗಳು ಹೋಗಿ ಬಂದು, ಹೋಗಿ ಬಂದು ಬೆಳೆಯುತ್ತವೆ. ಲೆಕ್ಕ ಸುಲಭ, 1130ರ ಅರ್ಧ, ಅಂದರೆ 565ನ್ನು, ಗೋಡೆಗಳ ನಡುವಿನ ಅಡಿಗಳಿಂದ ಭಾಗಿಸಿ. ನಮ್ಮ 16 ಅಡಿಗೆ 35 ಹರ್ಟ್ಸ್, ಅಂದರೆ ಸೆಕೆಂಡಿಗೆ 35 ಕಂಪನ, ಬರುತ್ತದೆ, ಅದರ ಎರಡರಷ್ಟು 70. 35 ನನ್ನ ಸಣ್ಣ ಡಬ್ಬಕ್ಕೆ ಎಟುಕುವುದಿಲ್ಲ. 70 ಚೆನ್ನಾಗಿಯೇ ಎಟುಕುತ್ತದೆ.

ಫೋನ್‌ನಲ್ಲಿ ಟೋನ್ ಕೊಡುವ ಒಂದು ಆ್ಯಪ್ ಹಾಕಿಕೊಂಡು ಸ್ಪೀಕರ್‌ಗಳಲ್ಲಿ 70 ಹರ್ಟ್ಸ್ ಬಿಟ್ಟೆ. ಸೋಫಾ ಇದ್ದ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಎದೆಗೆ ಬಡಿಯುವಷ್ಟು ಜೋರು. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದೆ ಬಂದೆ. 4 ಅಡಿ ಬಂದಾಗ ಯಾರೋ ಸ್ವಿಚ್ ಆರಿಸಿದ ಹಾಗೆ ಶಬ್ದವೇ ಇಲ್ಲ. ಇನ್ನೂ 4 ಅಡಿ ಬಂದರೆ, ಕೋಣೆಯ ಮಧ್ಯ, ಮತ್ತೆ ಗುಂಯ್. ವಾಲ್ಯೂಮ್ ಮುಟ್ಟಿಲ್ಲ, ಏನೂ ಮುಟ್ಟಿಲ್ಲ, ಸುಮ್ನೆ ನಡೆದಿದ್ದು ಅಷ್ಟೇ. ನನ್ನ ಹೆಂಡತಿಯನ್ನು ಕರೆದು ನಡೆಸಿದೆ. "ರೀ, ಇಲ್ಲಿ ನಿಜವಾಗಲೂ ಇಲ್ಲ ಕಣ್ರೀ" ಅಂತ ಅವಳು ನಿಂತ ಜಾಗದಲ್ಲೇ ತಲೆಯನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಪಕ್ಕದ ರೂಮಿನ ಬೀರು ಒಳಗೆ ಏನೋ ಟರಟರ ಅನ್ನುತ್ತಿತ್ತು.

ಗೋಡೆಯ ಹತ್ತಿರ ಈ ಶಬ್ದ ಅತಿ ಜೋರಾಗಿ ಕೇಳುತ್ತದೆ. ಅದೇ ರೀತಿ ಗೋಡೆಯ ಹತ್ತಿರ ಇಟ್ಟ ಸ್ಪೀಕರ್ ಈ ಶಬ್ದವನ್ನು ಅತಿ ಜೋರಾಗಿ ಎಬ್ಬಿಸುತ್ತದೆ. ನಾನು ಸ್ಪೀಕರನ್ನೂ ಒಂದು ಗೋಡೆಗೆ ಒತ್ತಿದ್ದೆ, ನನ್ನ ತಲೆಯನ್ನೂ ಇನ್ನೊಂದು ಗೋಡೆಗೆ ಒತ್ತಿದ್ದೆ. ಕೇಬಲ್ ಏನು ಮಾಡೀತು ಪಾಪ.

ಹಾಗಂತ ಪೂರ್ತಿ ಸದ್ದಿಲ್ಲದ 4 ಅಡಿ ಜಾಗದಲ್ಲೇ ಹೋಗಿ ಕೂತರೆ ಅದೂ ಸರಿಯಿಲ್ಲ, ಕೂತು ನೋಡಿದೆ. ಮೃದಂಗಕ್ಕೆ ಎಡಗೈಯೇ ಇಲ್ಲ ಅನ್ನಿಸಿತು. ಜೋರಿಗೂ ಮೌನಕ್ಕೂ ನಡುವೆ ಹುಡುಕುತ್ತಾ, ಬೆತ್ತದ ಕುರ್ಚಿಯನ್ನು ಅರ್ಧರ್ಧ ಅಡಿ ಸರಿಸುತ್ತಾ, ಕೊನೆಗೆ ಹಿಂದಿನ ಗೋಡೆಯಿಂದ 6 ಅಡಿಗೆ ನಿಂತೆ. ಕೋಣೆಯ ಉದ್ದದಲ್ಲಿ ನೂರಕ್ಕೆ 38 ಪಾಲಿನ ಜಾಗದಲ್ಲಿ ಕೂತು ಶುರುಮಾಡಿ ಅಂತ ಈ ಹುಚ್ಚು ಇರುವವರು ಹೇಳುತ್ತಾರೆ, ನನಗೆ ಹೆಚ್ಚುಕಮ್ಮಿ ಅಲ್ಲೇ ಬಂತು. ಸ್ಪೀಕರ್‌ಗಳನ್ನು ಗೋಡೆಯಿಂದ ಅರ್ಧರ್ಧ ಅಡಿ ಮುಂದೆ ತರುತ್ತಾ ಹೋದೆ. 2 ಅಡಿಗೆ ಗಂಡಸರ ಧ್ವನಿ ತೆಳ್ಳಗಾಯಿತು. ಹಿಂದೆ ಹೋದ ಶಬ್ದ ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ಶಬ್ದವನ್ನು ಒಂದು ಕಡೆ ಕಡಿಯುತ್ತದೆ, 2 ಅಡಿಗೆ ಅದು 140 ಹರ್ಟ್ಸ್ ಹತ್ತಿರ. ಮುಂದೆ ತಂದಷ್ಟೂ ಆ ಕಡಿತ ಕೆಳಗಿಳಿಯುತ್ತದೆ. 3 ಅಡಿ 6 ಇಂಚಿಗೆ ಸ್ಪೀಕರ್‌ನ ಮುಖ ಬಂದಾಗ ವೀಣೆ ಮುಂದೆ ಬಂತು, ಮೃದಂಗ ತನ್ನ ಜಾಗಕ್ಕೆ ಹೋಯಿತು. ಮೂರು ವರ್ಷ ಬದಲಾಯಿಸಿದ ಯಾವ ಸಾಮಾನೂ ಇಷ್ಟು ವ್ಯತ್ಯಾಸ ಮಾಡಿರಲಿಲ್ಲ.

ಎರಡು ಸ್ಪೀಕರ್ ನಡುವೆ 6 ಅಡಿ 6 ಇಂಚು. ಕಿವಿಯಿಂದ ಪ್ರತಿ ಸ್ಪೀಕರ್‌ಗೆ 7 ಅಡಿ 3 ಇಂಚು. ಮೂರು ಬದಿಯೂ ಸಮ ಇರುವ ತ್ರಿಕೋನ ಅಂತ ನಿಯಮ ಹೇಳುತ್ತದೆ, ನಾನು ಅಷ್ಟಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ತಲೆಕೆಡಿಸಿಕೊಂಡಿದ್ದು ಎಡ ಬಲದ ದೂರ ಒಂದೇ ಇದೆಯಾ ಅನ್ನುವುದಕ್ಕೆ. ಒಂದು ಸ್ಪೀಕರ್ ಒಂದು ಅಡಿ ಹತ್ತಿರ ಇದ್ದರೆ ಅದರ ಶಬ್ದ ಸೆಕೆಂಡಿನ ಸಾವಿರದಲ್ಲಿ ಸುಮಾರು ಒಂದು ಭಾಗದಷ್ಟು ಮೊದಲು ಬರುತ್ತದೆ, ಕಿವಿಗೆ ಅಷ್ಟು ಸಾಕು, ಗಾಯಕ ಎದ್ದು ಹೋಗಿ ಆ ಕಡೆ ಕೂತುಬಿಡುತ್ತಾನೆ. ಟೇಪ್ ಜೋತು ಬಿದ್ದು ಅಳತೆ ತಪ್ಪುತ್ತದೆ ಅಂತ ಗಾರೆಯವರ ನೂಲು ತಂದೆ, ಕುರ್ಚಿಯ ತಲೆಯ ಜಾಗಕ್ಕೆ ಕಟ್ಟಿ, ಗಂಟು ಹಾಕಿ, ಎಡಕ್ಕೂ ಬಲಕ್ಕೂ ಎಳೆದು ನೋಡಿದೆ. ಅರ್ಧ ಇಂಚಿನೊಳಗೆ ಬಂದರೆ ಬಿಟ್ಟುಬಿಡಿ.

ಸ್ಟ್ಯಾಂಡ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ, ಚೌಕದ ಕಬ್ಬಿಣದ ಪೈಪು, ಒಳಗೆ ಎಂ ಸ್ಯಾಂಡ್. ಪೈಪ್ ಖಾಲಿ ಇದ್ದರೆ ಗಂಟೆ ಹಾಗೆ ಮೊಳಗುತ್ತದೆ. ಮರಳನ್ನು ತಾರಸಿ ಮೇಲೆ ಎರಡು ದಿನ ಒಣಗಿಸಿದ ಮೇಲೇ ತುಂಬಿ, ಇಲ್ಲದಿದ್ದರೆ ಒಳಗಿಂದ ತುಕ್ಕು. "ಸಾರ್, ಇಷ್ಟು ಚಿಕ್ಕ ಡಬ್ಬಕ್ಕೆ ಇಷ್ಟು ಭಾರ ಯಾಕ್ ಸಾರ್?" ಅಂತ ಕೇಳಿದರು ವೆಲ್ಡಿಂಗ್‌ನವರು. ಎತ್ತರ ಮಾತ್ರ ಅವರ ಅಂದಾಜಿಗೆ ಬಿಡಬೇಡಿ. ನೀವು ಕೂರುವ ಕುರ್ಚಿಯಲ್ಲೇ ಕೂತು ನೆಲದಿಂದ ಕಿವಿಗೆ ಅಳೆಸಿ, ಟ್ವೀಟರ್, ಅಂದರೆ ಮೇಲಿನ ಸ್ಥಾಯಿಯ ಶಬ್ದ ಹೊರಡಿಸುವ ಸಣ್ಣ ಭಾಗ, ಆ ಎತ್ತರಕ್ಕೆ ಬರಬೇಕು. ಮೇಲಿನ ಶಬ್ದ ಟಾರ್ಚ್ ಬೆಳಕಿನ ಹಾಗೆ, ತೋರಿಸಿದ ಕಡೆಗೇ ಹೋಗುತ್ತದೆ.

ತಿರುಗಿಸುವುದೂ ಅದಕ್ಕೇ. ಮೊದಲು ಎರಡನ್ನೂ ನೇರ ನನ್ನ ಮೂಗಿಗೆ ತಿರುಗಿಸಿದೆ. ಧ್ವನಿ ಸೂಜಿ ಮೊನೆಯಷ್ಟು ಚೂಪು, ಆದರೆ ಪಿಟೀಲು ಅರ್ಧ ಗಂಟೆಗೆ ಕಿವಿ ನೋಯಿಸಿತು. ಒಳಕ್ಕೆ ತಿರುಗಿಸದೆ ಪೂರ್ತಿ ನೇರ ಇಟ್ಟರೆ ಮಧ್ಯ ಪೊಳ್ಳು. ಎರಡೂ ಸ್ಪೀಕರ್ ಮುಖ ಮಾಡಿದ ಗೆರೆ ನನ್ನ ತಲೆಯ ಹಿಂದೆ ಒಂದು ಅಡಿ ದೂರದಲ್ಲಿ ಸೇರುವ ಹಾಗೆ ಇಟ್ಟಿದ್ದೇನೆ. ನಿಮ್ಮ ಟ್ವೀಟರ್ ಮೆತ್ತಗಿದ್ದರೆ ಒಳಕ್ಕೆ ತಿರುಗಿಸಿ.

ಪಕ್ಕದ ಗೋಡೆಗೆ ಕನ್ನಡಿ ಉಪಾಯ. ನಾನು ಕುರ್ಚಿಯಲ್ಲಿ ಕೂತೆ, ಮಗಳು ಕನ್ನಡಿಯನ್ನು ಗೋಡೆಗೆ ಹಿಡಿದು ಸರಿಸುತ್ತಾ ಹೋದಳು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಶಬ್ದ ಮೊದಲು ಬಡಿದು ನನ್ನ ಕಡೆ ಬರುವ ಜಾಗ. ಎಡಗಡೆ ಅದು ಸರಿಯಾಗಿ ಶೋಕೇಸ್‌ನ ಗಾಜು! ಗೊಂಬೆಗಳ ಶೋಕೇಸ್ ಸರಿಸುವ ಮಾತಿಗೆ ಅಮ್ಮ ಒಪ್ಪಲಿಲ್ಲ, ದಸರಾ ಗೊಂಬೆ ಇಳಿಸಿದ ಮೇಲೆ ನೋಡೋಣ ಅಂದರು, ಯಾವ ದಸರಾ ಅಂತ ಹೇಳಲಿಲ್ಲ. ಕೇಳುವಾಗ ಮಾತ್ರ ಹತ್ತಿ ಹಾಸಿಗೆಯೊಂದನ್ನು ಮಡಿಸಿ ಗಾಜಿಗೆ ಒರಗಿಸುತ್ತೇನೆ. ಬಲಗಡೆ ಕಿಟಕಿಗೆ ದಪ್ಪ ಪರದೆ. ಮೊಸಾಯಿಕ್ ಮೇಲೆ ಜಮಖಾನ ಎರಡು ಮಡಿಕೆ ಹಾಸಿದೆ. ಇವೆಲ್ಲ ಮೇಲಿನ ಶಬ್ದವನ್ನು ತಗ್ಗಿಸುತ್ತವೆ ಅಷ್ಟೇ. ಗುಂಯ್‌ಗೆ ಪರದೆ ಔಷಧಿ ಅಲ್ಲ, ಅಂಗಡಿಯವರು ಏನೇ ಹೇಳಲಿ.

ಈಗ ಸಮಸ್ಯೆ ಏನೆಂದರೆ, ಹಾಲ್ ಮಧ್ಯದಲ್ಲಿ ಎರಡು ಕಂಬ. ಅಮ್ಮ ಒಂದು ಸಲ ಎಡವಿದರು. ಆವತ್ತೇ ಒಪ್ಪಂದ ಆಯಿತು, ಹಗಲು ಸ್ಪೀಕರ್ ಗೋಡೆಗೆ, ರಾತ್ರಿ ಊಟ ಆದ ಮೇಲೆ ಹೊರಗೆ. ಆದರೆ ದಿನಾ ನೂಲು ಹಿಡಿದು ಅಳೆಯೋಕಾಗುತ್ತಾ? ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ಮಾರನೇ ದಿನ ಬೆಳಿಗ್ಗೆ ನೆಲ ಒರೆಸಿದಾಗ ಹೋಯಿತು. ಇನ್ಸುಲೇಷನ್ ಟೇಪ್ ಅಂಟಿಸಿದೆ, ಅಸಹ್ಯ ಅಂತ ಕಿತ್ತರು. ಕೊನೆಗೆ ಹೆಂಡತಿಯೇ ತನ್ನ ಸ್ಟಿಕ್ಕರ್ ಬೊಟ್ಟಿನ ಪೊಟ್ಟಣ ತಂದು, ಸ್ಟ್ಯಾಂಡಿನ ಮೂಲೆಗಳಿಗೆ ನಾಲ್ಕು ನಾಲ್ಕು ಕೆಂಪು ಬೊಟ್ಟು ಅಂಟಿಸಿದಳು, ಕುರ್ಚಿಯ ಕಾಲಿಗೂ ನಾಲ್ಕು. ನೆಲದ ಚುಕ್ಕಿಗಳ ನಡುವೆ ಯಾರಿಗೂ ಕಾಣುವುದಿಲ್ಲ. ಎರಡು ನಿಮಿಷದಲ್ಲಿ ಎಲ್ಲ ಜಾಗಕ್ಕೆ ಬರುತ್ತದೆ.

ಬಲಗಡೆ ಕಮಾನಿನ ದೆಸೆಯಿಂದ ಆ ಕಡೆ ಮಂದ್ರ ಇನ್ನೂ ಸ್ವಲ್ಪ ಕಮ್ಮಿ ಕೇಳುತ್ತದೆ. ಬಲದ ಸ್ಪೀಕರನ್ನು ಮಾತ್ರ ಮೂರು ಇಂಚು ಹಿಂದಕ್ಕೆ, ಗೋಡೆ ಕಡೆಗೆ, ತಳ್ಳಿ ನೋಡಿದೆ. ಮಂದ್ರ ತುಂಬಿತು, ಪಿಬಿಎಸ್ ಎಡಕ್ಕೆ ವಾಲಿದರು. ವಾಪಸ್ ಬೊಟ್ಟಿನ ಮೇಲೆ ಇಟ್ಟೆ. ಬೀರು ಟರಟರ ಅನ್ನುತ್ತಿದ್ದದ್ದು ಒಳಗಿದ್ದ ಬೆಳ್ಳಿ ತಟ್ಟೆ, ಕೆಳಗೆ ಒಂದು ಟವೆಲ್ ಮಡಿಸಿ ಇಟ್ಟ ಮೇಲೆ ನಿಂತಿದೆ.