ಸ್ಟೇರಿಂಗ್ ಗೊಂಯ್ ಅಂದರೆ ಪಂಪೇ ಹೋಗಿದೆ ಅಂತಲ್ಲ

ನಮ್ಮದು ಹಳೇ ಡೀಸೆಲ್ ಗಾಡಿ, ಏಳು ಸೀಟಿನದು. ದಾವಣಗೆರೆಯಿಂದ ಜಗಳೂರು ಕಡೆ ಹೊಲಕ್ಕೆ ಓಡಾಡೋಕೆ ಇಟ್ಟುಕೊಂಡಿದ್ದೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಎಪಿಎಂಸಿ ಹತ್ತಿರ ಲಾರಿಗಳ ಸಂದಿಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಬಾನೆಟ್ ಒಳಗಿಂದ 'ಗೊಂಯ್' ಅಂತ ಶಬ್ದ ಶುರುವಾಯಿತು. ಬೆಳಗಿನ ಚಳಿಗೆ ಇನ್ನೂ ಜಾಸ್ತಿ. ಪರಿಚಯದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಪಂಪ್ ಹೋಗೇತ್ರಿ ಅಣ್ಣ, ಬೇರೆ ಹಾಕ್ಬೇಕು" ಅಂದ. ಇರಬಹುದು. ಆದರೆ ಪವರ್ ಸ್ಟೇರಿಂಗ್‌ಗೆ ಒತ್ತಡದಲ್ಲಿ ಆಯಿಲ್ ಕಳಿಸುವ ಈ ಪಂಪು ದುಬಾರಿ ಸಾಮಾನು, ಅದಕ್ಕೆ ಕೈ ಹಾಕೋ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ ಅಲ್ವಾ?

ಮೊದಲು ಶಬ್ದ ಯಾವ ಥರ, ಯಾವಾಗ ಬರುತ್ತದೆ ಅಂತ ಗಮನಿಸಿದೆ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಫುಲ್ ಕಟ್ ಹೊಡೆದಾಗ, ಅಂದರೆ ಸ್ಟೇರಿಂಗನ್ನು ಕೊನೆವರೆಗೂ ತಿರುಗಿಸಿದಾಗ, 'ಕೀಂಯ್' ಅಂತ ಕಿರುಚಿದರೆ ಅದು ಪಂಪನ್ನು ತಿರುಗಿಸುವ ಬೆಲ್ಟು. ಓಡುತ್ತಿರುವ ಬೆಲ್ಟಿನ ಮೇಲೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿದರೆ ಆ ಕಿರುಚಾಟ ಒಂದು ಗಳಿಗೆ ನಿಲ್ಲುತ್ತದೆ. (ಹೆಗಲ ಮೇಲೆ ಟವೆಲ್ ಇದ್ದರೆ ತೆಗೆದಿಟ್ಟು ಬಗ್ಗಿ, ಬೆಲ್ಟಿಗೆ ಸಿಕ್ಕರೆ ಮುಗಿಯಿತು.) ನಮ್ಮದು ಹಾಗಲ್ಲ, ನೀರಿಗೆ ಏನೂ ಬದಲಾಗಲಿಲ್ಲ. ರೇಸ್ ಕೊಟ್ಟಷ್ಟೂ ಏರುವ, ಸ್ಟೇರಿಂಗ್ ತಿರುಗಿಸಿದರೆ ಜೋರಾಗುವ ನರಳಾಟ. ಅಂದರೆ ಬಹುತೇಕ ಪಂಪಿಗೆ ಸರಿಯಾಗಿ ಆಯಿಲ್ ಸಿಗುತ್ತಿಲ್ಲ, ಇಲ್ಲವೇ ಆಯಿಲ್ ಜೊತೆ ಗಾಳಿ ಹೋಗುತ್ತಿದೆ.

ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಲೆವೆಲ್ ಸ್ವಲ್ಪ ಕಡಿಮೆ, ಅಷ್ಟೇ. ಎಂಜಿನ್ ಆನ್ ಮಾಡಿ ತಮ್ಮನ ಮಗನಿಗೆ ಸ್ಟೇರಿಂಗ್ ತಿರುಗಿಸೋಕೆ ಹೇಳಿ ಮತ್ತೆ ಇಣುಕಿದರೆ, ಕೆಂಪು ಆಯಿಲ್ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿ ರೋಸ್ ಮಿಲ್ಕ್ ಹಾಗೆ ನೊರೆ ಎದ್ದಿತ್ತು. ಎಂಜಿನ್ ಆಫ್ ಮಾಡಿದ ತಕ್ಷಣ ಲೆವೆಲ್ ತಾನಾಗಿಯೇ ಮೇಲಕ್ಕೆ ಬಂತು. ಒಳಗೆ ಒತ್ತಡದಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹಿಗ್ಗಿ ಆಯಿಲನ್ನು ಮೇಲಕ್ಕೆ ದಬ್ಬುತ್ತದೆ. ಇನ್ನು ಅನುಮಾನವೇ ಇಲ್ಲ, ಏರ್ ಹಿಡಿದಿದೆ.

ಆದರೆ ಗಾಡಿ ಕೆಳಗೆ ಒಂದು ಹನಿ ಆಯಿಲ್ ಬಿದ್ದಿಲ್ಲ. ಜನ ಎಡವೋದು ಇಲ್ಲೇ. ಪಂಪಿನಿಂದ ಮುಂದಕ್ಕೆ ಹೋಗುವ ಪೈಪಿನಲ್ಲಿ ಫುಲ್ ಕಟ್ ಹೊಡೆದಾಗ 70-80 ಬಾರ್ ಒತ್ತಡ ಇರುತ್ತದೆ, ಟೈರಿನಲ್ಲಿ ಇರೋದು ಸುಮಾರು 2 ಬಾರ್ ಮಾತ್ರ. ಆ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆಯಿಲ್ ಹೊರಗೆ ಚಿಮ್ಮುತ್ತದೆ. ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪು ಹಾಗಲ್ಲ, ಅಲ್ಲಿ ಪಂಪು ಆಯಿಲನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಸಣ್ಣ ಸಂದಿ ಇದ್ದರೆ ಆಯಿಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತದೆ, ಅದೂ ಎಂಜಿನ್ ಓಡುತ್ತಿರುವಾಗ ಮಾತ್ರ.

ಆ ಪೈಪಿನ ತುದಿಗೆ, ಕ್ಲಿಪ್ಪಿನ ಸುತ್ತ, ಬೆರಳಲ್ಲಿ ದಪ್ಪಗೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿದೆ. ನರಳಾಟ ಅರ್ಧಕ್ಕೆ ಇಳಿಯಿತು! ಆಫ್ ಮಾಡಿ ಒರೆಸಿ ನೋಡಿದರೆ ಸ್ಪ್ರಿಂಗ್ ಕ್ಲಿಪ್ಪು ಬೆರಳಲ್ಲೇ ಸುಮ್ನೆ ತಿರುಗುತ್ತಿತ್ತು. ಎಂಜಿನ್ ಶಾಖಕ್ಕೆ ರಬ್ಬರ್ ಕಟ್ಟಿಗೆಯಷ್ಟು ಗಟ್ಟಿಯಾಗಿತ್ತು, ಬಗ್ಗಿಸಿದರೆ ಕ್ಲಿಪ್ಪಿನ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿದ್ದವು.

ಹೊಸ ಪೈಪಿಗೆ ಪಿ.ಬಿ. ರಸ್ತೆ ಕಡೆ ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಗೆ ಹೋದೆ. ಹಳೇ ತುಂಡನ್ನೇ ತೋರಿಸಿ, ಆಯಿಲ್ ತಡೆಯುವ ರಬ್ಬರೇ ಬೇಕು ಅಂತ ಒತ್ತಿ ಹೇಳಬೇಕು. ರೇಡಿಯೇಟರ್ ನೀರಿನ ಪೈಪು ಹಾಕಿದರೆ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಸ್ಪ್ರಿಂಗ್ ಕ್ಲಿಪ್ ಬದಲು ಸ್ಕ್ರೂ ಇರುವ ಹೋಸ್ ಕ್ಲಿಪ್ ತಂದೆ. ಪ್ರೆಶರ್ ಪೈಪೇ ಹೋಗಿದ್ದರೆ ಈ ಕ್ಲಿಪ್ ಆಟ ನಡೆಯೋದಿಲ್ಲ, ಅದನ್ನು ಜೆಸಿಬಿ ಪೈಪು ಮಾಡುವವರ ಹತ್ತಿರ ಮೆಷಿನ್‌ನಲ್ಲಿ ಒತ್ತಿಸಬೇಕು.

ಡಬ್ಬಿ ಬಿಚ್ಚಿದ್ದೇ ಬಿಚ್ಚಿದ್ದು, ತಳದ ಜಾಲರಿಯನ್ನೂ ನೋಡಿದೆ. ಕಪ್ಪು ರಾಡಿ ಕಟ್ಟಿತ್ತು. ಬ್ರೇಕ್ ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಊದಿಸಿದೆ. ಇದು ಕಟ್ಟಿಕೊಂಡರೂ ಪಂಪು ಆಯಿಲಿಲ್ಲದೆ ಹೀಗೇ ನರಳುತ್ತದೆ. ಆಯಿಲ್ ಪೂರ್ತಿ ಬದಲಾಯಿಸಿದೆ. ನಮ್ಮ ಗಾಡಿಗೆ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಆಯಿಲ್), ಡೆಕ್ಸ್ರಾನ್ ಜಾತಿಯದು. ಕೆಲವು ಗಾಡಿಗೆ ಹಸಿರು ಬರುತ್ತದೆ, ಎರಡನ್ನೂ ಬೆರೆಸಬೇಡಿ. ಮುಚ್ಚಳದ ಮೇಲೆ ಅಥವಾ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿ.

ಏರ್ ತೆಗೆಯೋದಕ್ಕೆ ತಾಳ್ಮೆ ಬೇಕು. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟೆ, ಬರೀ ಜ್ಯಾಕ್ ನಂಬಬಾರದು. ಎಂಜಿನ್ ಆಫ್ ಇಟ್ಟುಕೊಂಡೇ, ಕೀ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಬೇಕು, ಡಬ್ಬಿಯಲ್ಲಿ ಗುಳ್ಳೆ ಬಂದ ಹಾಗೆ ಲೆವೆಲ್ ಇಳಿಯುತ್ತದೆ, ಖಾಲಿಯಾಗದಂತೆ ತುಂಬಿಸುತ್ತಾ ಇರಬೇಕು. "ದೊಡ್ಡಪ್ಪ, ಇನ್ನೂ ಎಷ್ಟೊತ್ತು?" ಅಂತ ಹುಡುಗ ಗೊಣಗಿದ. ಗುಳ್ಳೆ ನಿಲ್ಲೋವರೆಗೂ ಅಂದೆ. ಆಮೇಲೆ ಸ್ಟಾರ್ಟ್ ಮಾಡಿ ಅದೇ ಕೆಲಸ. ಸ್ಟೇರಿಂಗ್ ಕೊನೆ ಮುಟ್ಟಿದಾಗ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬಾರದು, ಆಯಿಲ್ ಕಾದು ಪಂಪಿಗೇ ಪೆಟ್ಟು.

ನರಳಾಟ ಹೋಯಿತು. ಫುಲ್ ಕಟ್‌ನಲ್ಲಿ ಸಣ್ಣಗೆ 'ಸ್ಸ್' ಅನ್ನೋದು ಇನ್ನೂ ಇದೆ, ಅದು ಒತ್ತಡ ಮಿತಿ ಮೀರದಂತೆ ಆಯಿಲ್ ಬಿಡುವ ಪಂಪಿನ ರಿಲೀಫ್ ವಾಲ್ವ್ ತೆರೆದಾಗ ಬರೋ ಶಬ್ದ, ಸಹಜವೇ. ಇಷ್ಟೆಲ್ಲ ಮಾಡಿದ ಮೇಲೂ, ಸ್ಟೇರಿಂಗ್ ಮುಟ್ಟದಿದ್ದಾಗಲೂ ಗರಗರ ಅಂತಿದ್ದರೆ, ಬಿಳಿ ಬಟ್ಟೆಗೆ ಆಯಿಲ್ ಒರೆಸಿದಾಗ ಬೆಳ್ಳಿಪುಡಿಯಂಥ ಹೊಳಪು ಕಂಡರೆ, ಮೆಕ್ಯಾನಿಕ್ ಹೇಳಿದ್ದೇ ಸರಿ, ಪಂಪು ಹೋಗಿದೆ. ಆಗಲೂ ಹಳೇ ಆಯಿಲನ್ನು ಪೂರ್ತಿ ತೊಳೆದು ಹೊರಗೆ ಹಾಕದೆ ಹೊಸ ಪಂಪು ಕೂರಿಸೋಕೆ ಬಿಡಬೇಡಿ, ಆ ಪುಡಿ ಹೊಸದನ್ನೂ ತಿಂದು ಹಾಕುತ್ತದೆ.