ಆಟಿಸಂ ಇರುವ ಮಕ್ಕಳಿಗೆ ಕೋಚಿಂಗ್: ಮೊದಲು ವಿಷಲ್ ಜೇಬಿಗೆ ಹಾಕಿ

ಚಿಕ್ಕಮಗಳೂರು ಕಡೆಯ ಕೋಚ್‌ಗಳ ಗಮನಕ್ಕೆ. ಆಟಿಸಂ ಇರುವ ಮಗು ಕಿವಿ ಮುಚ್ಚಿಕೊಂಡರೆ ಹಟ ಅಂದುಕೊಳ್ಳಬೇಡಿ, ಆ ಶಬ್ದ ಅದಕ್ಕೆ ನಿಜಕ್ಕೂ ತಡೆಯಲಾಗುತ್ತಿರುವುದಿಲ್ಲ. ವಿಷಲ್ ಬದಲು ಬಣ್ಣದ ಬಾವುಟ ಎತ್ತಿ. ಮಳೆಗಾಲದಲ್ಲಿ ತಗಡಿನ ಶೀಟಿನ ಹಾಲ್‌ಗೆ ಹೋಗುವುದಿದ್ದರೆ, ಮಗುವಿಗೆ ಮೊದಲೇ ತೋರಿಸಲು ಹಿಂದಿನ ದಿನವೇ ಜಾಗದ ಫೋಟೋ ಮನೆಗೆ ಕಳಿಸಿ.

‘ಇನ್ನೂ ಸ್ವಲ್ಪ ಓಡು’ ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ‘ಕೆಂಪು ಕೋನ್‌ವರೆಗೆ ಹೋಗಿ ವಾಪಸ್ ಬಾ, ಎರಡು ಸಲ’ ಎನ್ನಿ, ಮಾಡಿ ತೋರಿಸಿ, 10 ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಕಾಯದೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರೆ ಮಗು ಮತ್ತೆ ಮೊದಲಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ‘ನನ್ನ ಕಣ್ಣು ನೋಡು’ ಅನ್ನುವ ಒತ್ತಾಯ ಬೇಡವೇ ಬೇಡ. ಕೈಕಾಲು ಹಿಡಿದು ತಿದ್ದುವ ಮೊದಲು ಕೇಳಿ. ಆಟ ನಿಲ್ಲಿಸುವುದನ್ನು 5 ನಿಮಿಷ ಮೊದಲೇ ತಿಳಿಸಿ.